ಹದಿನೆಂಟು ಬಕೆಟ್ ಬಿಸಿನೀರು

ಮುದಕಪ್ಪನ ರಕ್ತ ನೆನೆಹಾಕಿದ್ದ ಅಕ್ಕಿಯೊಳಗೆ ಇಳಿದಿತ್ತು. ಹತ್ತು ಸೇರು ಹಿಡಿಯುವ ಪಾತ್ರೆ. ಅವನು ಅದರ ಮೇಲೆಯೇ ಬೋರಲು ಬಿದ್ದಿದ್ದನಂತೆ. ಅವನನ್ನು ಆಸ್ಪತ್ರೆಗೆ ಸಾಗಿಸಿ ಅರ್ಧ ಗಂಟೆಯಾಗಿತ್ತು. ಪಾತ್ರೆಯ ನೀರು ಮಾತ್ರ ಕೆಂಪಗೆ ಹಾಗೇ ನಿಂತಿತ್ತು.

ಲಗ್ಗೆರೆಯ ಆ ಶೀಟಿನ ಮನೆಯೇ ಅವನ ಅಡುಗೆಮನೆ. ಮದುವೆ, ನಾಮಕರಣ, ತಿಥಿ, ಯಾವುದಕ್ಕೆ ಕರೆದರೂ ಸೌಟು ಹಿಡಿದು ಹೋಗುತ್ತಿದ್ದ ಗದಗ ಕಡೆಯ ಮನುಷ್ಯ. ಫಾರಿನ್ ಟೂರಿನ ಗುಂಪುಗಳ ಜೊತೆಗೂ ಹೋಗುತ್ತಿದ್ದ. ನಮ್ಮ ಜನ ಯಾವ ದೇಶಕ್ಕೆ ಹೋಗಲಿ, ಸಾರು ಅನ್ನ ಬಿಟ್ಟಿರಲಾರರು. ಕುಕ್ಕರಿನ ಜೊತೆ ಅಡುಗೆಯವನನ್ನೂ ವಿಮಾನ ಹತ್ತಿಸಿಕೊಂಡೇ ಹೋಗುತ್ತಾರೆ.

ಕಾನ್‌ಸ್ಟೇಬಲ್ ರಾಮಾಂಜಿನಪ್ಪ ಮೂಲೆಯಲ್ಲಿ ಬಿದ್ದಿದ್ದ ರುಬ್ಬುಗುಂಡನ್ನು ಬಟ್ಟೆ ಸುತ್ತಿ ಎತ್ತಿದ. ಒಂದು ಕೈಯಲ್ಲಿ ಆಗಲಿಲ್ಲ. ಎರಡೂ ಕೈ ಹಾಕಿ, ಉಸಿರು ಬಿಗಿಹಿಡಿದು ಚೀಲಕ್ಕೆ ಇಳಿಸಿದ. ಗುಂಡಿನ ತುದಿಗೆ ಕೂದಲು ಅಂಟಿತ್ತು.

"ಎಷ್ಟು ಏಟು ಮೇಡಂ?"

"ಮೂರು ಅಂದ್ರು ಡಾಕ್ಟ್ರು. ತಲೆಗೊಂದು, ಭುಜಕ್ಕೊಂದು. ಕೆಳಗೆ ಬಿದ್ಮೇಲೆ ದವಡೆಗೆ ಇನ್ನೊಂದು."

"ಬಿದ್ದವನಿಗೂ ಹೊಡ್ದವ್ರಾ? ಯಾವ ಪಾಪಿ ಮುಂಡೇಮಗ ಮೇಡಂ ಅವ್ನು."

ಹಿಂದಿನ ದಿನ ಮಧ್ಯಾಹ್ನ ಇದೇ ಮುದಕಪ್ಪ ಠಾಣೆಗೆ ಫೋನ್ ಮಾಡಿ, "ಎಸ್ಐ ಭುವನೇಶ್ವರಿ ಮೇಡಂ ಅವರೇನ್ರೀ? ಥಾಯ್ಲೆಂಡಿನಾಗ ಸೇತುವೆ ಮ್ಯಾಲಿಂದ ಬಿದ್ದು ಸತ್ರಲ್ರೀ ವೆಂಕಟರಮಣಪ್ಪ, ಅದು ಕಾಲು ಜಾರಿದ್ದಲ್ಲ ಅನಸ್ತದ ನನಗ" ಅಂದಿದ್ದ. ನಾನು ಬಂದೋಬಸ್ತ್ ಡ್ಯೂಟಿಯಲ್ಲಿದ್ದೆ. ನಾಳೆ ಬಾರಪ್ಪ ಅಂದುಬಿಟ್ಟೆ. ನಾಳೆ ಅಂದಿದ್ದು ನಾನು. ಆ ಮಾತನ್ನು ಈಗ ನುಂಗಲೂ ಆಗುತ್ತಿರಲಿಲ್ಲ, ಉಗುಳಲೂ ಆಗುತ್ತಿರಲಿಲ್ಲ.

ಈ ಮನುಷ್ಯ ಸಾಯಬಾರದು. ನನಗೆ ಆ ಹೊತ್ತಿಗೆ ಬೇಕಾಗಿದ್ದು ಅದೊಂದೇ.

ಆಸ್ಪತ್ರೆ ಅಂದರೆ ಅಲ್ಲೇ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮ್. ತಲೆಗೆ ಹೊಲಿಗೆ ಹಾಕಿ, ಮಧ್ಯಾಹ್ನ ದೊಡ್ಡ ಆಸ್ಪತ್ರೆಗೆ ಕಳಿಸುವುದೆಂದು ತೀರ್ಮಾನವಾಗಿ, ಅಷ್ಟು ಹೊತ್ತಿಗೆ ಒಂದು ಕೋಣೆಯಲ್ಲಿ ಮಲಗಿಸಿದ್ದರು. ದವಡೆ ಮುರಿದಿತ್ತು, ಮಾತಿಲ್ಲ. ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದು ಆಗಾಗ ತೆರೆಯುತ್ತಿತ್ತು.

ಬಾಗಿಲ ಹೊರಗಿನ ಬೆಂಚಿನ ಮೇಲೆ ಇಬ್ಬರು ಹೆಂಗಸರು. ಒಬ್ಬಳು ಅವನ ಹೆಂಡತಿ ರುಕ್ಮವ್ವ. ಇನ್ನೊಬ್ಬಳು ಅನುಸೂಯಮ್ಮ, ಸೇತುವೆಯಿಂದ ಬಿದ್ದು ಸತ್ತ ವೆಂಕಟರಮಣಪ್ಪನ ವಿಧವೆ. ಅನುಸೂಯಮ್ಮನ ಸೀರೆಯ ಮಡಿಲು ರಕ್ತದಲ್ಲಿ ತೊಯ್ದು ಗಟ್ಟಿಯಾಗಿತ್ತು. ರವಿಕೆಯ ಭುಜದ ಮೇಲೂ ರಕ್ತದ ಹನಿಗಳು. ಎಡಗೈ ಮಣಿಕಟ್ಟು ಸೊಟ್ಟಗಿತ್ತು, ಯಾವಾಗಲೋ ಮುರಿದು ನೆಟ್ಟಗೆ ಕೂಡದ ಮೂಳೆ.

"ತಿಥಿ ಪಾತ್ರೆ ವಾಪಸ್ ಕೊಡಾಣ ಅಂತ ಓದೆ ಮೇಡಂ," ಅಂದಳು ಅನುಸೂಯಮ್ಮ. "ಬಾಗ್ಲು ತೆಗ್ದಿತ್ತು. ನೋಡುದ್ರೆ ಇಂಗೆ ಬಿದ್ದವ್ನೆ. ತಲೆ ತಗ್ದು ತೊಡೆ ಮೇಲಿಟ್ಕಂಡೆ. ಅಷ್ಟ್ರಲ್ಲಿ ಇವ್ಳು ಹಾಲು ತಗಂಡು ಬಂದ್ಲು."

"ಅಕ್ಕಾರು ಇರಲಿಲ್ಲಂದ್ರ ನನ್ನ ಗಂಡ ಅಲ್ಲೇ ಹೋಗತಿದ್ದರಿ," ಅಂತ ರುಕ್ಮವ್ವ ಅವಳ ಕೈ ಹಿಡಿದುಕೊಂಡಳು. "ಆಟೋದಾಗ ಎತ್ತಿ ಹಾಕಿದಾಕಿನೂ ಆಕಿನ."

ಮೂರು ವಾರದ ಹಿಂದೆ ಗಂಡನನ್ನು ಕಳೆದುಕೊಂಡವಳು ಇನ್ನೊಬ್ಬಳ ಗಂಡನನ್ನು ಉಳಿಸಿದ್ದಾಳೆ ಅನ್ನಿಸಿತು. ಸುಳ್ಳು ಹೇಳಲಾರೆ, ಅವಳ ಬೆನ್ನು ಸವರಿದೆ.

ರುಕ್ಮವ್ವನನ್ನು ಮೆಟ್ಟಿಲ ಕೆಳಗೆ ಕರೆದುಕೊಂಡು ಹೋದೆ.

"ನಿನ್ನ ಗಂಡ ನಂಗೇನೋ ಹೇಳ್ಬೇಕು ಅಂತಿದ್ದ. ನಿಂಗೇನಾದ್ರೂ ಹೇಳಿದ್ನಾ?"

"ಬಿಸಿನೀರಿಂದು ಹೇಳತಿದ್ರರಿ."

"ಯಾವ ಬಿಸಿನೀರು?"

ಅವಳು ಮೂಗು ಒರೆಸಿಕೊಂಡು ಹೇಳತೊಡಗಿದಳು. ಕಾಂಚನಬುರಿ ಅಂತ ಊರು. ಹಿಂದೆ ಮಹಾಯುದ್ಧದಲ್ಲಿ ಜಪಾನಿನವರು ಸೆರೆಸಿಕ್ಕ ಸೈನಿಕರಿಂದ ಅಲ್ಲಿ ರೈಲು ಹಳಿ ಹಾಕಿಸಿ, ಸೇತುವೆ ಕಟ್ಟಿಸಿ, ಹಸಿವು ಕಾಯಿಲೆಯಲ್ಲಿ ಕೊಂದಿದ್ದರು. ಅವರ ಗೋರಿಗಳೇ ಏಳು ಸಾವಿರದ ಹತ್ತಿರ. ಅವತ್ತು ಬೆಳಿಗ್ಗೆ ಪೀಣ್ಯದ ಗುಂಪು ಗೋರಿ ನೋಡಲು ಹೋಗಿತ್ತು. ಮಂಡಿನೋವು ಅಂತ ವೆಂಕಟರಮಣಪ್ಪ ಒಬ್ಬನೇ ಹೊಳೆಯ ಹತ್ತಿರ ಉಳಿದುಕೊಂಡಿದ್ದ.

"ಮಸಣಕ್ಕ ಹೋಗಿ ಬಂದು ಹಂಗ ರೂಮಿನೊಳಗ ಕಾಲಿಡಬಾರದು ಅಂತ ಆ ಮಂದಿ ಹಟ ಹಿಡದರಂತರಿ. ಹಿತ್ತಲದಾಗ ನಳದ ಹಂತೇಕ ಎಲ್ಲಾರೂ ಜಳಕಾ ಮಾಡ್ಯಾರ. ಗ್ಯಾಸ್ ಮುಗೀಲಿಕ್ಕೆ ಬಂದಿತ್ತಂತ. ಅದಕ್ಕ ನಮ್ಮವರು ಒಬ್ಬರಿಗೆ ಒಂದ ಬಕೆಟ್ ಅಂತ ಎಣಿಸಿ ಕೊಟ್ಟಾರ. ಹದಿನೆಂಟು ಬಕೆಟ್ ಕೊಟ್ಟೆ, ಉಂಡವರು ಅದಕ್ಕಿಂತ ಜಾಸ್ತಿ ಅದಾರ ಅಂದ್ರರಿ."

"ಜಾಸ್ತಿ ಅಂದ್ರೆ?"

"ಜಳಕಾ ಮಾಡದ ಉಂಡಾರ. ಆ ಚಿಕ್ಕಬೈರಪ್ಪ ಅವರಂತೂ ಬಂದವರ ಸೀದಾ ಎಲಿ ಮುಂದ ಕುಂತರಂತ. ಮೊನ್ನೆ ತಿಥಿ ದಿನ ಅದ ಚಿಕ್ಕಬೈರಪ್ಪ ಅವರು, ಸಮಾಧಿಗೆ ಹಾಲು ತುಪ್ಪ ಬಿಟ್ಟು ಬಂದವರನ್ನ ಜಳಕಾ ಆಗೂತನಕ ಎಲಿ ಮುಟ್ಟಗೊಡಲಿಲ್ಲರಿ. ನಮ್ಮವರು ಸುಮ್ಮನಿರಬೇಕೋ ಬ್ಯಾಡೋ. ಏಳ ಸಾವಿರ ಗೋರಿ ನೋಡಿ ಬಂದು ಕೈ ಸೈತ ತೊಳೀದ ಉಂಡ್ರಲ್ರೀ ಯಜಮಾನ್ರ ಅಂತ ಚ್ಯಾಷ್ಟಿ ಮಾಡಿಬಿಟ್ರು, ಎಲ್ಲಾರ ಮುಂದ."

"ಯಾರ್ಯಾರಿದ್ರು?"

"ಎಲ್ಲಾರೂ ಇದ್ದರಿ. ಮನಿ ಮಂದಿ, ಬಳಗ. ಆ ಮನಶ್ಯಾನ ಮಾರಿ ಬಿಳುಪೇರಿತು ಅಂದ್ರು. ಆಮ್ಯಾಗ ಕುಂತು ವಿಚಾರ ಮಾಡಿ, ನಿಮಗ ಫೋನ್ ಹಚ್ಚಿದ್ರು."

ಚಿಕ್ಕಬೈರಪ್ಪ ಅಂದರೆ ಅನುಸೂಯಮ್ಮನ ಸ್ವಂತ ಅಣ್ಣ. ಸತ್ತ ವೆಂಕಟರಮಣಪ್ಪನ ಭಾವಮೈದ, ಪೀಣ್ಯ ಎರಡನೇ ಹಂತದ ವರ್ಕ್‌ಶಾಪಿನಲ್ಲಿ ಪಾಲುದಾರ ಕೂಡ. ಬೀದಿಯಲ್ಲಿ ಹೆಣ ಹೋದರೂ ಮನೆಗೆ ಹೋಗಿ ತಲೆಗೆ ನೀರು ಸುರಿದುಕೊಳ್ಳುವ ಜಾತಿ ಅಂತ ಪೀಣ್ಯ ಹಳ್ಳಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದ ಆಸಾಮಿ. ಅಂಥವನು ಗೋರಿಗಳ ನಡುವೆ ಒಂದು ಗಂಟೆ ಅಡ್ಡಾಡಿ ಬಂದು ಸ್ನಾನ ಮಾಡದೆ ಉಣ್ಣುತ್ತಾನೆಯೇ? ಉಂಡ ಅಂದರೆ ಒಂದೇ ಅರ್ಥ. ಅವನು ಅಲ್ಲಿಗೆ ಹೋಗಿಯೇ ಇರಲಿಲ್ಲ. ಥಾಯ್ ಪೊಲೀಸರ ಮುಂದೆ ಮಾತ್ರ ಗುಂಪಿನ ಜೊತೆಗಿದ್ದೆ ಅಂತ ಹೇಳಿಕೆ ಬರೆಸಿದ್ದ.

ಟೂರ್ ಮ್ಯಾನೇಜರ್ ಕೃಷ್ಣನಿಗೆ ಫೋನ್ ಮಾಡಿದೆ.

"ನಿನ್ನ ಟೂರಲ್ಲಿ ಎಷ್ಟು ಜನಾನಪ್ಪ?"

"ಲಿಸ್ಟ್ ನೋಡಿ ಹೇಳ್ತೀನಿ ಮೇಡಂ. ಇಪ್ಪತ್ತು ಪ್ಯಾಸೆಂಜರ್ಸ್, ಅಡುಗೆ ಮುದಕಪ್ಪ ಬಿಟ್ಟು. ವೆಂಕಟರಮಣಪ್ಪನೋರೂ ಸೇರಿ ಇಪ್ಪತ್ತು."

ಇಪ್ಪತ್ತರಲ್ಲಿ ಸತ್ತವನು ಹೋದರೆ ಹತ್ತೊಂಬತ್ತು. ಬಕೆಟ್ ಹದಿನೆಂಟು. ಒಬ್ಬ ಕಮ್ಮಿ. ಆ ಒಬ್ಬ ಯಾರು ಅನ್ನುವುದು ಗೊತ್ತೇ ಇತ್ತು.

ರುಕ್ಮವ್ವನಿಗೆ ಮನೆಗೆ ಹೋಗಿ ಅವನ ಮೊಬೈಲು, ಟೂರಿನ ಫೋಟೋಗಳನ್ನು ತರಲು ಹೇಳಿದೆ. ಅವಳು ಹಿಂದೆ ಮುಂದೆ ನೋಡಿದಳು.

"ಇವರ ಹಂತೇಕ ಯಾರರಿ?"

"ಅನುಸೂಯಮ್ಮ ಇದಾರಲ್ಲ. ಬಾಗಿಲಲ್ಲಿ ನಮ್ಮ ಮಲಕವ್ವ ಇರ್ತಾಳೆ. ನೀನು ಹೋಗು."

ಮಲಕವ್ವ ನಮ್ಮ ಠಾಣೆಯ ಹೆಣ್ಣು ಕಾನ್‌ಸ್ಟೇಬಲ್. ಒಳಗೆ ಯಾರನ್ನೂ, ಮುಖ್ಯವಾಗಿ ಚಿಕ್ಕಬೈರಪ್ಪನನ್ನು ಬಿಡಬೇಡ ಅಂತ ಅವಳಿಗೆ ಎರಡು ಸಲ ಹೇಳಿ ಜೀಪು ಹತ್ತಿದೆ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕೆಲಸ. ಅರ್ಧ ಕಿಲೋಮೀಟರಿಗೆ ಇಪ್ಪತ್ತು ನಿಮಿಷ ತಿಂದಿತು. ವರ್ಕ್‌ಶಾಪ್ ತಲುಪಿದಾಗ ಹನ್ನೊಂದು ದಾಟಿತ್ತು. ಒಳಗೆ ಮೂರು ಪ್ರೆಸ್ ಮಷಿನುಗಳು ದಡಾರ್ ದಡಾರ್ ಅಂತ ತಗಡು ಕತ್ತರಿಸುತ್ತಿದ್ದವು. ಕೆಲಸಗಾರರು ನನ್ನ ಯೂನಿಫಾರ್ಮ್ ನೋಡಿ ಒಂದೊಂದಾಗಿ ನಿಲ್ಲಿಸಿದರು.

ಚಿಕ್ಕಬೈರಪ್ಪ ಹಿಂದಿನ ಗೋಡೆಯ ಹತ್ತಿರ ನಿಂತಿದ್ದ. ಐವತ್ತರ ಆಸುಪಾಸು, ಹಣೆಯ ಮೇಲೆ ದಪ್ಪ ವಿಭೂತಿ. ಬಲಗೈ ಪ್ಯಾಂಟಿನ ಜೇಬಿನಲ್ಲಿ, ಎಡಗೈಯಲ್ಲಿ ಮೊಳದುದ್ದದ ಸ್ಪ್ಯಾನರ್. ಪೊಲೀಸ್ ಬಂದರೂ ಜೇಬಿನಿಂದ ಕೈ ತೆಗೆಯಲಿಲ್ಲ. ನನಗೆ ಅಲ್ಲೇ ಪಿತ್ತ ಕೆರಳಿತು.

"ಮುದಕಪ್ಪನ್ನ ಯಾರೋ ಹೊಡೆದಿದಾರೆ, ಗೊತ್ತಾ?"

"ಅಡಿಗೆ ಮುದಕಪ್ಪನ್ನಾ?" ಅವನು ನನ್ನ ಕಡೆ ತಿರುಗಿದ. "ಯಾವಾಗ?"

"ಬೆಳಿಗ್ಗೆ ಆರೂವರೆಗೆ. ಸತ್ತ ಅಂದ್ಕೊಂಡಿದ್ರೇನೋ. ಬದುಕಿದಾನೆ. ಕಣ್ಣು ಬಿಡ್ತಿದಾನೆ."

"ಮಾತಾಡುದ್ನಾ?"

"ಸಂಜೆ ಹೊತ್ತಿಗೆ ಸನ್ನೆ ಮಾಡಿಯಾದ್ರೂ ಹೇಳ್ತಾನೆ ಬಿಡಿ."

"ಅವನ ತಾವ ಯಾರವ್ರೆ ಈಗ?"

"ನಿಮ್ಮ ತಂಗೀನೇ ಇದಾರೆ. ಅವ್ರೇ ಆಸ್ಪತ್ರೆಗೆ ಸೇರ್ಸಿದ್ದು."

ಆಗ ಅವನು ಓಡಿದ. ಮಾತಿಲ್ಲ ಕತೆಯಿಲ್ಲ, ಗೇಟಿನ ಕಡೆಗೆ ಸೀದಾ ಓಡಿದ. ರಾಮಾಂಜಿನಪ್ಪ ಅಡ್ಡ ಬಂದ. ಎಡಗೈಯ ಸ್ಪ್ಯಾನರ್ ಮೇಲೆದ್ದು ಅವನ ಕಿವಿಯ ಮೇಲೆ ಇಳಿಯಿತು. ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತು. ರಾಮಾಂಜಿನಪ್ಪ ಮಂಡಿಯೂರಿ ಕುಸಿದ. ರಕ್ತ ಕತ್ತಿನಿಂದ ಖಾಕಿಯೊಳಗೆ ಹರಿಯಿತು. ಕುಸಿಯುತ್ತಲೇ ಅವನ ಕಾಲು ಹಿಡಿದ, ಬಿಡಲಿಲ್ಲ.

ನಾನು ಲಾಠಿ ಬೀಸಿದೆ. ಮೊದಲ ಏಟು ಮೊಳಕೈಗೆ. ಸ್ಪ್ಯಾನರ್ ಬಿತ್ತು. ಎರಡನೆಯದು ಮುಂಗಾಲಿಗೆ. ಅವನು ಕತ್ತರಿಸಿದ ತಗಡಿನ ಚೂರುಗಳ ರಾಶಿಯ ಮೇಲೆ ಮುಖ ಅಡಿಯಾಗಿ ಬಿದ್ದ. ಕೆನ್ನೆ ಕಣ್ಣಿನವರೆಗೂ ಸೀಳಿಕೊಂಡಿತು. ಆದರೂ ಎದ್ದು ಓಡುವ ಪ್ರಯತ್ನ. ತಗಡಿನ ಮೇಲೆಯೇ ತೆವಳಿದ. ಅವನ ಎಡ ಅಂಗೈ ಹರಿದು ನೆಲದ ಮೇಲೆ ಕೆಂಪು ಗೀರು ಬಿತ್ತು. ಬೆನ್ನ ಮೇಲೆ ಬೂಟಿಟ್ಟು ಒತ್ತಿ ಹಿಡಿದೆ.

"ಬಿಡಿ ಮೇಡಂ, ಒಂದ್ಸಲ ಆಸ್ಪತ್ರೆಗೆ ಓಗ್ಬೇಕು. ಬಂದ್ಬಿಡ್ತೀನಿ."

"ಯಾಕೆ, ಉಳಿದ ಏಟು ಹಾಕೋಕಾ?"

ಅವನು ತೆವಳುವುದನ್ನು ನಿಲ್ಲಿಸಿದ. ಆಮೇಲೆ ನೆಲಕ್ಕೆ ಬಾಯಿಟ್ಟುಕೊಂಡೇ ಹೇಳಿದ.

"ನಾನೇ ಒಡ್ದಿದ್ದು. ಮುದಕಪ್ಪನ್ನೂ ನಾನೇ, ಬಾವನ್ನೂ ನಾನೇ. ಬರ್ಕಳಿ."

ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಯಾರೂ ನನಗೆ ಇಷ್ಟು ಸಲೀಸಾಗಿ ಒಪ್ಪಿಕೊಟ್ಟಿರಲಿಲ್ಲ. ಕೂದಲು ಹಿಡಿದು ಎತ್ತಿ ಕೂರಿಸಿ, ಕೆನ್ನೆಗೆ ಒಂದು ಬಿಟ್ಟೆ. ಆ ಏಟು ತಪ್ಪು, ಗೊತ್ತು. ಆದರೆ ಕಣ್ಣೆದುರಿಗೆ ರಾಮಾಂಜಿನಪ್ಪನ ಕಿವಿ ಜೋತಾಡುತ್ತಿತ್ತು.

"ಗೋರಿ ಹತ್ರ ಹೋಗಿರ್ಲಿಲ್ಲ ನೀನು."

"ಇಲ್ಲ."

"ಅದಕ್ಕೇ ಸ್ನಾನ ಮಾಡ್ಲಿಲ್ಲ."

"ಓಗದೇ ಇರೋ ಮಸಾಣಕ್ಕೆ ಯಾಕ್ ಸ್ನಾನ ಮಾಡ್ಲಿ?" ಈ ಸ್ಥಿತಿಯಲ್ಲೂ ಅವನ ಗಂಟಲಲ್ಲಿ ಒಂದು ಗತ್ತು. "ಅದು ನೆಪ್ಪಿಗೇ ಬರ್ಲಿಲ್ಲ. ಓಗಿದ್ದೆ ಅಂತ ಸುಳ್ಳು ಏಳ್ಬೇಕಾಗಿ ಬಂದಿದ್ದು ಆಮೇಲೆ."

"ಭಾವನ್ನ ಯಾಕೆ ಕೊಂದೆ?"

"ಇಪ್ಪತ್ತೆರಡು ವರ್ಷ ನನ್ನ ತಂಗೀನ ಒಡ್ದ ಕಣ್ರೀ ಅವ್ನು. ಬೆಲ್ಟು, ಕಬ್ಬಿಣದ ಪಟ್ಟಿ, ಕೈಗೆ ಸಿಕ್ಕಿದ್ರಲ್ಲಿ. ಕೈ ನೋಡಿದ್ರಲ್ಲ ಅವ್ಳದ್ದು? ಬಾಗ್ಲ ಸಂದೀಗೆ ಇಟ್ಟು ಮುರುದ್ನಂತೆ. ಅಲ್ಲಿ ದೇಶ ಬಿಟ್ಟು ದೇಶಕ್ಕೆ ಓದ್ರೂ, ಬೆಳಗ್ಗೆ ಕಾಫಿ ಆರೋಯ್ತು ಅಂತ ರೂಮಲ್ಲಿ ಒಟ್ಟೆಗೆ ಒದ್ದವ್ನೆ."

ಅವನ ಕಣ್ಣಿಂದ ನೀರು ಇಳಿದು ಕೆನ್ನೆಯ ಗಾಯದೊಳಗೆ ಸೇರಿತು. ಅವನ ಹೊಟ್ಟೆಯ ಉರಿ ಸುಳ್ಳಲ್ಲ ಅಂತ ನನಗೆ ಆಗಲೇ ಅನ್ನಿಸಿತು. ಆದರೆ ಕೇಳಬೇಕಾದದ್ದನ್ನು ಕೇಳಲೇಬೇಕು.

"ಸರಿ. ಮುದಕಪ್ಪನ್ನ ಯಾವುದ್ರಲ್ಲಿ ಹೊಡ್ದೆ?"

"ರಾಡಲ್ಲಿ."

"ಯಾವ ರಾಡು?"

"ಇಲ್ಲಿಂದ್ಲೇ ತಗಂಡೋಗಿದ್ದೆ. ಕಬ್ಬಿಣದ್ದು. ಮೋರಿಗೆ ಬಿಸಾಕ್ದೆ."

ನನ್ನ ಕೈ ಬೇಡಿಯ ಮೇಲೆ ಅಲ್ಲೇ ನಿಂತಿತು. ಜೀಪಿನ ಚೀಲದಲ್ಲಿ ರುಬ್ಬುಗುಂಡು ಕೂತಿತ್ತು, ಕೂದಲು ಅಂಟಿಸಿಕೊಂಡು.

"ಬಲಗೈ ತೆಗಿ."

ಅವನು ತೆಗೆಯಲಿಲ್ಲ. ನಾನೇ ಮೊಳಕೈ ಹಿಡಿದು ಜೇಬಿನಿಂದ ಎಳೆದೆ.

ಹೆಬ್ಬೆರಳು ಇತ್ತು. ಅದರ ಪಕ್ಕದಲ್ಲಿ ಏನೂ ಇರಲಿಲ್ಲ. ನಾಲ್ಕು ಬೆರಳು ಬುಡದಿಂದಲೇ ಹೋಗಿ, ಅಂಗೈ ಅಂಚು ನುಣ್ಣಗೆ ಮುಚ್ಚಿಕೊಂಡಿತ್ತು. ಹಳೆಯ ಗಾಯ. ಪ್ರೆಸ್ ಮಷಿನಿನ ಮುಂದೆ ಕೂತವರ ಇಂಥ ಕೈಗಳು ಪೀಣ್ಯದಲ್ಲಿ ಬೀದಿಗೆ ನಾಲ್ಕು ಸಿಗುತ್ತವೆ. ಇವನು ನಾಚಿಕೆಗೆ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ, ಅಷ್ಟೇ.

ಈ ಕೈಯಲ್ಲಿ ರುಬ್ಬುಗುಂಡು ಎತ್ತಿ ಮೂರು ಸಲ ಬೀಸುವುದು ಸಾಧ್ಯವಿಲ್ಲದ ಮಾತು. ಗಟ್ಟಿಮುಟ್ಟಾದ ರಾಮಾಂಜಿನಪ್ಪನಿಗೇ ಎರಡೂ ಕೈ ಬೇಕಾಗಿತ್ತು.

"ಯಾರನ್ನ ಉಳಿಸ್ತಿದೀಯಾ?" ಅಂದೆ.

ಅವನು ಗೇಟಿನ ಕಡೆ ನೋಡಿದ. ನನ್ನನ್ನು ನೋಡಿದ. "ನಾನೇ ಅಂತ ಬರ್ಕಂಡು ಮುಗ್ಸಿ ಮೇಡಂ. ಕೈ ಮುಗೀತೀನಿ," ಅಂತ ಆ ಅರ್ಧ ಕೈಯನ್ನು ಇನ್ನೊಂದಕ್ಕೆ ಜೋಡಿಸಿದ.

ನಾನು ಮತ್ತೆ ಕೃಷ್ಣನಿಗೆ ಫೋನ್ ಹಚ್ಚಿದೆ.

"ಕೃಷ್ಣ, ಗೋರಿ ನೋಡಿದ ದಿನ ನೀನೂ ಜೊತೆಗೆ ಹೋಗಿದ್ದೆ ತಾನೆ?"

"ಹೌದು ಮೇಡಂ, ನಾನೇ ಕರ್ಕೊಂಡೋಗಿದ್ದು."

"ಬಂದ ಮೇಲೆ ನೀನೂ ಸ್ನಾನ ಮಾಡಿದ್ಯಾ?"

"ಮಾಡ್ದೆ. ಆ ಹೆಂಗಸರು ಬಿಡ್ಬೇಕಲ್ಲ ಮೇಡಂ. ಮುದಕಪ್ಪ ನಂಗೂ ಒಂದ್ ಬಕೆಟ್ ಕೊಟ್ಟ."

ಟೂರಿನ ಲಿಸ್ಟಿನಲ್ಲಿ ಟೂರ್ ಮ್ಯಾನೇಜರನ ಹೆಸರು ಯಾಕಿರುತ್ತದೆ? ಲಿಸ್ಟು ಬರೆಯುವವನು ತನ್ನನ್ನು ತಾನು ಬರೆದುಕೊಳ್ಳುವುದಿಲ್ಲ. ಅಷ್ಟು ಸಣ್ಣ ವಿಷಯ ನನ್ನ ಮಂಡೆಗೆ ಹೊಳೆದಿರಲಿಲ್ಲ. ಸ್ನಾನ ಮಾಡಬೇಕಾಗಿದ್ದವರು ಹತ್ತೊಂಬತ್ತಲ್ಲ, ಇಪ್ಪತ್ತು. ಸ್ನಾನ ಮಾಡದೆ ಉಂಡವರು ಇಬ್ಬರು.

"ನೀವೆಲ್ಲ ಹಿತ್ತಲಲ್ಲಿ ಇದ್ದಾಗ ಮೊದಲು ಊಟಕ್ಕೆ ಕೂತವರು ಯಾರು?"

"ಚಿಕ್ಕಬೈರಪ್ಪನೋರು." ಅವನು ನೆನಪು ಮಾಡಿಕೊಂಡ. "ಆಮೇಲೆ ಪಕ್ಕದಲ್ಲಿ ಅವ್ರ ತಂಗಿ. ಅನುಸೂಯಮ್ಮ."

ಫೋನ್ ಕೆಳಗಿಳಿಸಿದೆ. ಚಿಕ್ಕಬೈರಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಬಾವನ್ನ ಮಾತಾಡಿಸಾಣ ಅಂತ ಇಬ್ರೂ ಗೋರಿ ತಾವ ಬಸ್ಸಿಳ್ದು, ಗದ್ಲದಾಗೆ ಯಾರ್ಗೂ ಕಾಣ್ದಂಗೆ ಇಂದಕ್ಕೆ ಬಂದ್ವಿ," ಅಂದ ಮೆಲ್ಲಗೆ. "ಸೇತುವೆ ಮೇಲೆ ಜಗಳ ಆಯ್ತು. ನಾನು ಬಿಟ್ಟು ಬಂದಾಗ ಬದುಕಿದ್ದ ಮೇಡಂ. ತಾಯಾಣೆ ಬದುಕಿದ್ದ. ನೀ ಓಗಣ್ಣ, ನಾನು ಸಮಾಧಾನ ಮಾಡಿ ಬತ್ತೀನಿ ಅಂದ್ಲು. ಅತ್ತೇ ನಿಮಿಷಕ್ಕೆ ಬಂದ್ಲು. ನನ್ನ ಪಕ್ಕ ಕೂತ್ಕಂಡು ಉಂಡ್ಲು. ಎರಡ್ನೇ ಸಲ ಅನ್ನ ಆಕಿಸ್ಕಂಡ್ಲು."

ಗಂಡನ ಹೆಣ ಹೊಳೆಯ ಕಲ್ಲುಗಳ ಮೇಲೆ ಬಿಟ್ಟು ಬಂದವಳು ಸ್ನಾನಕ್ಕೆ ಹೋಗುವ ಹಾಗಿರಲಿಲ್ಲ. ಗೋರಿಗೆ ಹೋಗಿಲ್ಲ ಅನ್ನುವುದು ಅಣ್ಣನಿಗೆ ಗೊತ್ತು. ಮತ್ಯಾಕೆ ಸ್ನಾನ ಅಂತ ಅವನು ಕೇಳಿಯೇ ಕೇಳುತ್ತಿದ್ದ. ಅದಕ್ಕೇ ಅವನ ಪಕ್ಕದಲ್ಲಿ ಕೂತು ಉಂಡಿದ್ದಳು. ತಿಥಿಯ ದಿನ ಮುದಕಪ್ಪ ಆಡಿದ ಚೇಷ್ಟೆ ಅವಳ ಕಿವಿಗೂ ಬಿದ್ದಿತ್ತು.

ಬೆಳಿಗ್ಗೆ ನೋಡಿದ ರವಿಕೆ ಕಣ್ಣಿಗೆ ಕಟ್ಟಿತು. ಗಾಯಗೊಂಡವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರೆ ಮಡಿಲು ತೋಯುತ್ತದೆ, ಸರಿ. ಭುಜದ ಮೇಲೆ ಹನಿ ಹೇಗೆ ಸಿಡಿಯುತ್ತದೆ? ಎತ್ತಿ ಬೀಸಿದವರ ಭುಜಕ್ಕೆ ಸಿಡಿಯುತ್ತದೆ. ಮಣಿಕಟ್ಟು ಸೊಟ್ಟಗಿದ್ದರೂ ಮುದಕಪ್ಪನಂಥ ಗಂಡಸನ್ನು ಆಟೋಗೆ ಎತ್ತಿ ಹಾಕಿದ್ದು ಅವಳ ಕೈಗಳೇ. ಅದನ್ನು ನೋಡಿದ ನಾನೇ ಅವಳ ಬೆನ್ನು ಸವರಿ ಬಂದಿದ್ದೆ. ಹೆಂಡತಿಯನ್ನು ಮನೆಗೆ ಅಟ್ಟಿ, ಮುದಕಪ್ಪನ ಪಕ್ಕದಲ್ಲಿ ಅವಳನ್ನೇ ಕೂರಿಸಿ ಬಂದಿದ್ದೆ.

ಚಿಕ್ಕಬೈರಪ್ಪ ಓಡಿದ್ದು ತಪ್ಪಿಸಿಕೊಳ್ಳುವುದಕ್ಕಲ್ಲ. ತಂಗಿ ಇನ್ನೊಂದು ಕೊಲೆ ಮಾಡುವುದನ್ನು ತಡೆಯುವುದಕ್ಕೆ. ನಾನು ಅವನ ಕಾಲಿಗೆ ಹೊಡೆದು ಕೂರಿಸಿದ್ದೆ.

ಮಲಕವ್ವನಿಗೆ ಫೋನ್ ಮಾಡಿದೆ. ಆರು ಸಲ ರಿಂಗಾಯಿತು.

"ಹೇಳ್ರಿ ಮೇಡಂ."

"ಎಲ್ಲಿದೀಯಾ ನೀನು?"

"ಬಾಗಲದಾಗ ಅದೀನ್ರಿ. ಯಾರನ್ನೂ ಒಳಗ ಬಿಟ್ಟಿಲ್ಲ. ಆ ಚಿಕ್ಕಬೈರಪ್ಪ ಬಂದಿಲ್ಲರಿ."

"ಅನುಸೂಯಮ್ಮ?"

"ಒಳಗ ಅದಾರ. ಪಾಪ, ಮೈತುಂಬ ರಕ್ತ ಒಣಗೇತಿ, ಒರಸತೀನಿ ಅಂತ ಆಯಾ ಕಡಿಂದ ಒಂದು ಬಕೆಟ್ ಬಿಸಿನೀರು ತರಿಸ್ಕೊಂಡ್ರು. ಗಂಡಸಿನ ಮೈ ಒರಸೂದು, ನೀನು ಹೊರಗ ನಿಲ್ಲವ್ವ ಅಂದ್ರು. ಚಿಲಕ ಹಾಕ್ಕೊಂಡಾರ."

"ಎಷ್ಟೊತ್ತಾಯ್ತು?"

"ಹತ್ತು ಹನ್ನೆರಡು ನಿಮಿಷ ಆತ್ರಿ."

"ಬಾಗಿಲು ಒಡಿ. ಈಗಲೇ. ಕಾಲಲ್ಲಿ ಒದ್ದು ಒಡಿ ಮಲಕವ್ವ."

ಫೋನ್ ಕಿವಿಯಲ್ಲಿಟ್ಟುಕೊಂಡೇ ಜೀಪಿನತ್ತ ಓಡಿದೆ. ಆ ಕಡೆ ಬಾಗಿಲಿಗೆ ಒದೆಯುವ ಸದ್ದು ಕೇಳಿಸಿತು. ಒಂದು, ಎರಡು. ಒಳಗೆಲ್ಲೋ ಪ್ಲಾಸ್ಟಿಕ್ ಬಕೆಟ್ ಉರುಳಿತು. ಮೂರನೇ ಒದೆ ಬೀಳಲಿಲ್ಲ.

"ಮಲಕವ್ವ?"

ಅವಳ ದನಿ ತೀರಾ ಸಣ್ಣಗಾಗಿತ್ತು.

"ಬಾಗಲ ಕೆಳಗಿಂದ ನೀರು ಹರದು ಬರಾಕತ್ತೇತ್ರಿ ಮೇಡಂ. ಕೆಂಪಗೈತ್ರಿ."